ಮನೆಯವನ ಮೇಲೆ ಕೇಸು ಬಿದ್ದಾಗ: ಕರುಳಿನ ಮಾತು, ಕಾನೂನಿನ ಗೆರೆ

ಮಿರಜ: ರಾತ್ರಿ ಹನ್ನೊಂದು ಗಂಟೆ. ಯಾರೋ ಬಾಗಿಲು ಬಡಿಯುತ್ತಾರೆ. ತೆಗೆದು ನೋಡಿದರೆ ಕಾಗವಾಡ ಕಡೆಯ ಅಕ್ಕನ ಮಗ. ಎರಡು ದಿನದ ಹಿಂದೆ ಊರಲ್ಲಿ ಹೊಡೆದಾಟವಾಗಿದೆ. ಒಬ್ಬನ ಕೈ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದಾನೆ. ಪೊಲೀಸರು ಹುಡುಕುತ್ತಿದ್ದಾರೆ. 'ಮಾಮಾ, ನಾಲ್ಕು ದಿನ ಇಲ್ಲೇ ಇರ್ತೀನಿ, ಯಾರಿಗೂ ಹೇಳಬ್ಯಾಡ' ಎನ್ನುತ್ತಾನೆ. ಹಸಿದು ಬಂದ ಹುಡುಗನನ್ನು ಹೊರಗೆ ಕಳಿಸಲು ಮನಸ್ಸು ಬರುವುದಿಲ್ಲ. ಒಳಗೆ ಕರೆದರೆ ನಾಳೆ ಏನಾದೀತೋ ಎಂಬ ಭಯ.

ಇದು ವಿಷಯ ತಿಳಿಯಲೆಂದು ಕಟ್ಟಿಕೊಂಡ ಉದಾಹರಣೆ. ಆದರೆ ಗಡಿ ಭಾಗದ ಓದುಗರಿಗೆ ಇದು ಹೊಸದೆನಿಸಲಾರದು. ಮಿರಜ ಇರುವುದು ಮಹಾರಾಷ್ಟ್ರದಲ್ಲಿ, ಮ್ಹೈಸಾಳ ದಾಟಿದರೆ ಕರ್ನಾಟಕ. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬರೆದರೂ ಬೀಗತನಕ್ಕೆ ಗಡಿ ಬೀಳಲಿಲ್ಲ. ಅಕ್ಕ ಅಥಣಿಯಲ್ಲಿ, ತಮ್ಮ ಮಿರಜಿನಲ್ಲಿ, ಅಳಿಯ ಜತ್ತದಲ್ಲಿ ಇರುವ ಮನೆಗಳು ನೂರಾರು. ಆದ್ದರಿಂದ ಒಂದು ಕಡೆ ಕೇಸು ಬಿದ್ದರೆ ಇನ್ನೊಂದು ಕಡೆಯ ಬಾಗಿಲು ಬಡಿಯುವುದು ಸಹಜ. ಆಗ ಮನೆಯವರು ಏನು ಮಾಡಬಹುದು, ಏನು ಮಾಡಬಾರದು, ಯಾವ ಹಕ್ಕು ಕೇಳಬಹುದು ಎಂಬುದನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಬಚ್ಚಿಟ್ಟರೆ ಏನಾಗುತ್ತದೆ?

2024ರ ಜುಲೈ 1ರಿಂದ ದೇಶದಲ್ಲಿ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಇದರ 249ನೇ ಕಲಮು ಅಪರಾಧಿಗೆ ಆಶ್ರಯ ಕೊಡುವುದರ ಬಗ್ಗೆ ಹೇಳುತ್ತದೆ. ಹಿಂದೆ ಇದೇ ವಿಷಯ 212ನೇ ಕಲಮಿನಲ್ಲಿತ್ತು. ಆಶ್ರಯ ಎಂದರೆ ಮನೆಯಲ್ಲಿ ಮಲಗಿಸುವುದಷ್ಟೇ ಅಲ್ಲ. ಅನ್ನ, ನೀರು, ಬಟ್ಟೆ, ಹಣ ಕೊಡುವುದು, ಗಾಡಿ ಮಾಡಿಕೊಡುವುದು, ಪೊಲೀಸರ ಕೈಗೆ ಸಿಗದಂತೆ ಯಾವುದೇ ರೀತಿ ನೆರವಾಗುವುದು ಎಲ್ಲವೂ ಅದರಲ್ಲಿ ಸೇರುತ್ತದೆ.

ಶಿಕ್ಷೆ ಎಷ್ಟು ಎಂಬುದು ಬಂದವನು ಮಾಡಿದ ಅಪರಾಧದ ಮೇಲೆ ನಿಂತಿದೆ. ಅದು ಮರಣದಂಡನೆಯ ಅಪರಾಧವಾದರೆ ಆಶ್ರಯ ಕೊಟ್ಟವರಿಗೆ 5 ವರ್ಷದವರೆಗೆ ಜೈಲು ಮತ್ತು ದಂಡ. ಜೀವಾವಧಿ ಅಥವಾ 10 ವರ್ಷದ ಶಿಕ್ಷೆಯದಾದರೆ 3 ವರ್ಷದವರೆಗೆ ಜೈಲು ಮತ್ತು ದಂಡ. 1 ವರ್ಷದಿಂದ 10 ವರ್ಷದ ಒಳಗಿನದಾದರೆ ಆ ಶಿಕ್ಷೆಯ ಕಾಲು ಭಾಗದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನಮ್ಮ ಉದಾಹರಣೆಯಲ್ಲಿ ಮೂಳೆ ಮುರಿದಿದೆ. ಕಾನೂನಿನಲ್ಲಿ ಅದು ತೀವ್ರ ಗಾಯ, ಗರಿಷ್ಠ ಶಿಕ್ಷೆ 7 ವರ್ಷ. ಹಾಗಾಗಿ ಮಾಮನಿಗೆ 1 ವರ್ಷ 9 ತಿಂಗಳವರೆಗೆ ಜೈಲಾಗಬಹುದು.

ಇಲ್ಲಿ ಎರಡು ಮಾತು ಗಮನಿಸಬೇಕು. ಒಂದು, ಗೊತ್ತಿಲ್ಲದೆ ನೆಂಟನಿಗೆ ಊಟ ಹಾಕಿದರೆ ಅಪರಾಧವಲ್ಲ. ಅವನು ಅಪರಾಧ ಮಾಡಿದ್ದಾನೆ ಎಂದು ತಿಳಿದಿರಬೇಕು ಅಥವಾ ತಿಳಿಯಲು ಸಾಕಷ್ಟು ಕಾರಣವಿರಬೇಕು, ಶಿಕ್ಷೆಯಿಂದ ತಪ್ಪಿಸುವ ಉದ್ದೇಶವೂ ಇರಬೇಕು. ಎರಡು, ಈ ಕಲಮಿಗೆ ಒಂದೇ ಒಂದು ವಿನಾಯಿತಿ ಇದೆ. ಗಂಡನನ್ನು ಹೆಂಡತಿ ಅಥವಾ ಹೆಂಡತಿಯನ್ನು ಗಂಡ ಬಚ್ಚಿಟ್ಟರೆ ಅದು ಈ ಅಪರಾಧವಾಗುವುದಿಲ್ಲ.

ತಾಯಿಗೆ ಆ ವಿನಾಯಿತಿ ಇಲ್ಲ. ತಂದೆಗಿಲ್ಲ, ಅಣ್ಣನಿಗಿಲ್ಲ, ತಂಗಿಗಿಲ್ಲ, ಮಾಮನಿಗಂತೂ ಇಲ್ಲವೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಎಲ್ಲರಿಗೂ ಗೊತ್ತು, ಆದರೆ ಕಾನೂನು ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ತಾಯಿ ಮಗನನ್ನು ಬಚ್ಚಿಟ್ಟದ್ದು ಕರುಳಿನ ಕಾರಣಕ್ಕೆ ಎಂದು ನ್ಯಾಯಾಧೀಶರು ಶಿಕ್ಷೆ ಕಡಿಮೆ ಮಾಡಬಹುದು. ಅಪರಾಧವೇ ಅಲ್ಲ ಎನ್ನಲಾರರು.

ಗಂಡ ಹೆಂಡತಿಯ ವಿನಾಯಿತಿಗೂ ಮಿತಿ ಇದೆ. ರಕ್ತದ ಅಂಗಿ ತೊಳೆಯುವುದು, ಕುಡುಗೋಲು ಬಾವಿಗೆ ಎಸೆಯುವುದು ಸಾಕ್ಷ್ಯ ನಾಶ. ಅದಕ್ಕೆ ಬೇರೆ ಕಲಮಿದೆ, ಅದು 238ನೆಯದು. ಅಲ್ಲಿ ಹೆಂಡತಿಗೂ ವಿನಾಯಿತಿ ಇಲ್ಲ.

ಕಾಗವಾಡ ದಾಟಿದರೆ ಕಾನೂನು ಬದಲಾಗುವುದಿಲ್ಲ

ಆ ಕಡೆ ಕೇಸಾದರೆ ಈ ಕಡೆ ಬಂದು ಕೂರುವುದು, ಈ ಕಡೆಯದಾದರೆ ಆ ಕಡೆ ಹೋಗುವುದು ಗಡಿ ಭಾಗದಲ್ಲಿ ಹಲವರಿಗೆ ಹೊಳೆಯುವ ಮೊದಲ ಉಪಾಯ. ಅದರಿಂದ ಪ್ರಯೋಜನವಿಲ್ಲ. ಪೊಲೀಸರು ಆರೋಪಿಯನ್ನು ಬೆನ್ನಟ್ಟಿ ಭಾರತದ ಯಾವ ಜಾಗದಲ್ಲಾದರೂ ಹಿಡಿಯಬಹುದು. ತಲೆಮರೆಸಿಕೊಂಡಷ್ಟೂ ಮುಂದೆ ಜಾಮೀನು ಕಷ್ಟವಾಗುತ್ತದೆ. ಒಮ್ಮೆ ಓಡಿ ಹೋದವನು ಮತ್ತೆ ಓಡುವುದಿಲ್ಲ ಎಂದು ಕೋರ್ಟು ಹೇಗೆ ನಂಬಬೇಕು?

ವಾರಂಟ್ ಇದ್ದೂ ಸಿಗದವನ ಬಗ್ಗೆ ಕೋರ್ಟು ಘೋಷಣೆ ಹೊರಡಿಸುತ್ತದೆ. ಹಾಜರಾಗಲು ಕನಿಷ್ಠ 30 ದಿನದ ಗಡುವು ಇರುತ್ತದೆ. ಅವನ ಆಸ್ತಿ ಜಪ್ತಿ ಮಾಡುವ ಅಧಿಕಾರವೂ ಕೋರ್ಟಿಗಿದೆ. ಜಪ್ತಿಯಾಗಬೇಕಾದ್ದು ಅವನ ಆಸ್ತಿ, ಮನೆಯವರದಲ್ಲ. ಆದರೆ ನಮ್ಮ ಕಡೆ ಹೊಲ ಹಂಚಿಕೆಯಾಗದೆ ಅಜ್ಜನ ಹೆಸರಲ್ಲೇ ಇರುವುದು ಹೆಚ್ಚು. ಆಗ ಅವನ ಪಾಲಿನ ಜೊತೆ ಇಡೀ ಹೊಲ ಗೊಂದಲಕ್ಕೆ ಬೀಳುತ್ತದೆ. ತಮ್ಮ ಹಕ್ಕಿದೆ ಎನ್ನುವವರು ಜಪ್ತಿಯಾದ 6 ತಿಂಗಳೊಳಗೆ ಕೋರ್ಟಿಗೆ ತಕರಾರು ಕೊಡಬೇಕು.

ಸಾಂಗ್ಲಿ ಜಿಲ್ಲೆಯವರಿಗೆ ತಲೆಮರೆಸಿಕೊಳ್ಳುವುದೆಂದರೆ ಇನ್ನೊಂದು ನೆನಪೂ ಇದೆ. ವಾಳವಾ ಭಾಗದ ಕ್ರಾಂತಿಸಿಂಹ ನಾನಾ ಪಾಟೀಲರು 1942ರ ಚಳವಳಿಯ ನಂತರ ಭೂಗತರಾಗಿ ಪ್ರತಿ ಸರಕಾರ ನಡೆಸಿದರು. ಬ್ರಿಟಿಷರು ಅವರ ಮನೆ, ಜಮೀನು ಜಪ್ತಿ ಮಾಡಿದರು. ಆ ದಿನಗಳಲ್ಲೇ ಅವರ ತಾಯಿ ತೀರಿಕೊಂಡಾಗ ಪ್ರಾಣದ ಹಂಗು ಬಿಟ್ಟು ಬಂದು ಕರಾಡದ ಕೃಷ್ಣಾ ಘಾಟಿನಲ್ಲಿ ಅಂತ್ಯಸಂಸ್ಕಾರ ಮಾಡಿದರು. 1976ರಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಮಿರಜಿನಲ್ಲಿಯೇ. ಪರಕೀಯ ಸರಕಾರದ ವಿರುದ್ಧ ನಡೆದ ಹೋರಾಟಕ್ಕೂ ಇಂದಿನ ಹೊಡೆದಾಟ, ಕಳವು, ವಂಚನೆಯ ಕೇಸುಗಳಿಗೂ ಹೋಲಿಕೆ ಸಲ್ಲದು. ಆದರೆ ಒಂದು ಮಾತು ಅಂದಿಗೂ ಇಂದಿಗೂ ಒಂದೇ. ಒಬ್ಬನು ತಲೆಮರೆಸಿಕೊಂಡರೆ ಅದರ ಭಾರ ಮೊದಲು ಬೀಳುವುದು ಮನೆಯ ಮೇಲೆ.

ಹಾಗಾದರೆ ಮಾಮ ಏನು ಮಾಡಬೇಕು?

ಬೈದು ಹೊರಗೆ ದಬ್ಬಬೇಕೆಂದು ಕಾನೂನು ಹೇಳುವುದಿಲ್ಲ. ಬಂದವನನ್ನು ಕೂರಿಸಿ, ನಡೆದದ್ದು ಕೇಳಿ, ಬೆಳಗಾಗುವುದರೊಳಗೆ ವಕೀಲರನ್ನು ಹುಡುಕುವುದು ಸರಿಯಾದ ದಾರಿ. ಬಂಧನದ ಭಯವಿದ್ದರೆ ಸೆಷನ್ಸ್ ಕೋರ್ಟಿನಲ್ಲಿ ಅಥವಾ ಹೈಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಬಹುದು. ಎಲ್ಲ ಅಪರಾಧಕ್ಕೂ ಇದು ಸಿಗುವುದಿಲ್ಲ. ಉದಾಹರಣೆಗೆ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಇದನ್ನು ನಿರ್ಬಂಧಿಸುತ್ತದೆ. ಸಿಗದಿದ್ದರೆ ವಕೀಲರ ಜೊತೆ ಹೋಗಿ ಕೋರ್ಟಿಗೆ ಅಥವಾ ಠಾಣೆಗೆ ಶರಣಾಗುವುದು ಒಳಿತು. ತಾನಾಗಿ ಬಂದವನು ಎಂಬ ಮಾತು ಮುಂದೆ ಜಾಮೀನಿನ ಅರ್ಜಿಯಲ್ಲಿ ನೆರವಾಗುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮನೆಯವರೆಲ್ಲ ಆಶ್ರಯ ಕೊಟ್ಟ ಆರೋಪದಲ್ಲಿ ಸಿಕ್ಕಿಕೊಂಡರೆ ವಕೀಲರಿಗೆ ಫೀಸು ಕೊಡುವವರು ಯಾರು? ಜೈಲಿಗೆ ಹೋಗಿ ಮುಖ ನೋಡಿ ಬರುವವರು ಯಾರು? ಜಾಮೀನಿಗೆ ಸಹಿ ಹಾಕುವವರು ಯಾರು? ಒಳಗಿದ್ದವನಿಗೆ ಬಲ ಹೊರಗಿದ್ದವರಿಂದ. ಆದ್ದರಿಂದ ಹೊರಗೆ ಉಳಿಯುವುದೇ ಮನೆಯವರ ಮೊದಲ ಕರ್ತವ್ಯ.

ಪೊಲೀಸರು ಮನೆಯವರನ್ನು ಕರೆದೊಯ್ಯಬಹುದೇ?

'ಮಗ ಸಿಗುವ ತನಕ ಅಪ್ಪ ಠಾಣೆಯಲ್ಲಿ ಕೂರಲಿ' ಎಂಬ ಮಾತು ಕೇಳಿದ್ದೇವೆ. ಒಬ್ಬರ ಬದಲಿಗೆ ಇನ್ನೊಬ್ಬರನ್ನು ಹಿಡಿದಿಡಲು ಯಾವ ಕಾನೂನಿನಲ್ಲೂ ಅವಕಾಶವಿಲ್ಲ. ವಿಚಾರಿಸಲು ಲಿಖಿತ ಆದೇಶ ಕೊಟ್ಟು ಕರೆಯಬಹುದು. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನ ಪ್ರಕಾರ ಹೆಂಗಸರು, 15 ವರ್ಷದ ಒಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು ಮತ್ತು ತೀವ್ರ ಕಾಯಿಲೆಯವರನ್ನು ಅವರಿರುವ ಮನೆಯಲ್ಲೇ ವಿಚಾರಿಸಬೇಕು. ಅವರಾಗಿ ಒಪ್ಪಿದರೆ ಮಾತ್ರ ಠಾಣೆಗೆ ಬರಬಹುದು.

ಅಕ್ರಮವಾಗಿ ಕೂಡಿಹಾಕಿದ್ದರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಹಿಂದೆ ಇದಕ್ಕೆ ಸಾಂಗ್ಲಿ ಜಿಲ್ಲೆಯವರು ಮುಂಬಯಿಗೆ ಹೋಗಬೇಕಿತ್ತು. 2025ರ ಆಗಸ್ಟ್ 18ರಿಂದ ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ ಕೊಲ್ಹಾಪುರದಲ್ಲಿ ಕೆಲಸ ಆರಂಭಿಸಿದ್ದು ಸಾಂಗ್ಲಿ ಜಿಲ್ಲೆ ಅದರ ವ್ಯಾಪ್ತಿಯಲ್ಲಿದೆ. ಬೆಳಗಾವಿ ಜಿಲ್ಲೆಯವರಿಗೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವಿದೆ.

ಬಂಧನವಾದ ಮೇಲೆ ಕೇಳಬೇಕಾದ ಹಕ್ಕುಗಳು

ಬಂಧಿಸಿದ ಪೊಲೀಸರು ಯಾರನ್ನು ಹಿಡಿದಿದ್ದೇವೆ, ಎಲ್ಲಿಟ್ಟಿದ್ದೇವೆ ಎಂಬುದನ್ನು ಅವನು ಹೇಳಿದ ನೆಂಟರಿಗೆ ಅಥವಾ ಗೆಳೆಯರಿಗೆ ಕೂಡಲೇ ತಿಳಿಸಬೇಕು. ಸುಪ್ರೀಂ ಕೋರ್ಟು 1996ರ ಡಿ.ಕೆ. ಬಸು ತೀರ್ಪಿನಲ್ಲಿ ಇದನ್ನು ಕಡ್ಡಾಯ ಮಾಡಿತು. ಈಗ ಅದು ಕಾನೂನಿನಲ್ಲೇ ಸೇರಿದೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವೈದ್ಯಕೀಯ ತಪಾಸಣೆ ಮಾಡಿಸಬೇಕು. ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿಯಾಗಲು ಬಿಡಬೇಕು, ಆದರೆ ಇಡೀ ವಿಚಾರಣೆಯ ಹೊತ್ತು ವಕೀಲರು ಪಕ್ಕದಲ್ಲೇ ಕೂರುವಂತಿಲ್ಲ.

ಮನೆಯವರು ಠಾಣೆಗೆ ಹೋಗಿ ಇವನ್ನು ಕೇಳುವುದು ಎಷ್ಟು ಮುಖ್ಯ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2017ರ ನವೆಂಬರಿನಲ್ಲಿ ಸಾಂಗ್ಲಿಯಲ್ಲಿ ಲೂಟಿ ಆರೋಪದ ಮೇಲೆ ಬಂಧಿತನಾದ ಯುವಕನೊಬ್ಬ ಪೊಲೀಸರ ವಶದಲ್ಲೇ ಸತ್ತನು. ಅವನ ಶವವನ್ನು ಅಂಬೋಲಿ ಘಟ್ಟಕ್ಕೆ ಒಯ್ದು ಸುಡಲಾಯಿತು. ಆರೋಪಿ ಓಡಿಹೋಗಿದ್ದಾನೆ ಎಂಬುದು ಮೊದಲು ಹೊರಬಂದ ಸುದ್ದಿ. ಮನೆಯವರು ಅದನ್ನು ನಂಬಲಿಲ್ಲ. ಸತ್ಯ ಹೊರಬಿದ್ದು ಪೊಲೀಸರೇ ಕೊಲೆ ಆರೋಪದಲ್ಲಿ ಬಂಧಿತರಾದರು. ತಮ್ಮವನ ಮೇಲೆ ಆರೋಪವಿದೆ ಎಂಬ ನಾಚಿಕೆಯಿಂದ ಮನೆಯವರು ಸುಮ್ಮನೆ ಕೂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಸಾಕ್ಷಿ ಹೇಳಲು ಕರೆದರೆ?

ಮಗನ ವಿರುದ್ಧ ತಾಯಿ, ಅಣ್ಣನ ವಿರುದ್ಧ ತಮ್ಮ ಸಾಕ್ಷಿ ಹೇಳಬೇಕಾದ ಪ್ರಸಂಗ ಬರಬಹುದು. ನಮ್ಮ ದೇಶದಲ್ಲಿ ರಕ್ತಸಂಬಂಧಿ ಎಂಬ ಕಾರಣಕ್ಕೆ ಸಾಕ್ಷಿ ಹೇಳುವುದರಿಂದ ಬಿಡುಗಡೆ ಇಲ್ಲ. ಗಂಡ ಹೆಂಡತಿಗೆ ಮಾತ್ರ ಒಂದು ರಕ್ಷಣೆ ಇದೆ. ದಾಂಪತ್ಯದಲ್ಲಿ ಒಬ್ಬರಿಗೊಬ್ಬರು ಆಡಿದ ಮಾತನ್ನು ಕೋರ್ಟಿನಲ್ಲಿ ಹೇಳು ಎಂದು ಬಲವಂತ ಮಾಡುವಂತಿಲ್ಲ. ಹೇಳಿದವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ತಾವಾಗಿ ಹೇಳುವಂತೆಯೂ ಇಲ್ಲ. ಅವರಿಬ್ಬರ ನಡುವಿನ ಕೇಸಿಗೆ, ಅಂದರೆ ಗಂಡ ಹೆಂಡತಿಯನ್ನು ಹೊಡೆದಂತಹ ಪ್ರಕರಣಕ್ಕೆ, ಇದು ಅನ್ವಯಿಸುವುದಿಲ್ಲ.

ಈ ರಕ್ಷಣೆ ಮಾತಿಗೆ ಮಾತ್ರ, ಕಣ್ಣಾರೆ ಕಂಡದ್ದಕ್ಕಲ್ಲ. 1954ರ ರಾಮ್ ಭರೋಸೆ ಪ್ರಕರಣದಲ್ಲಿ ಗಂಡ ಮಾಳಿಗೆಯಿಂದ ಇಳಿದು ಬಂದದ್ದನ್ನು, ಸ್ನಾನ ಮಾಡಿದ್ದನ್ನು ಹೆಂಡತಿ ನೋಡಿದ್ದಳು. ನೋಡಿದ್ದನ್ನು ಹೇಳಬಹುದು, ಅವನು ಅವಳಿಗೆ ಹೇಳಿದ್ದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು ಗೆರೆ ಎಳೆಯಿತು. ಮನೆಯವರು ನೆನಪಿಡಬೇಕಾದ್ದಿಷ್ಟೇ. ಸುಳ್ಳು ಸಾಕ್ಷಿ ಹೇಳುವುದು, ಫಿರ್ಯಾದಿಯ ಮನೆಗೆ ಹೋಗಿ ಹೆದರಿಸುವುದು ಎರಡೂ ಬೇರೆ ಬೇರೆ ಅಪರಾಧ. ಹೆದರಿಸಿದ್ದು ಗೊತ್ತಾದರೆ ಒಳಗಿದ್ದವನ ಜಾಮೀನೇ ರದ್ದಾಗಬಹುದು.

ಜಾಮೀನಿಗೆ ಸಹಿ ಹಾಕುವ ಮುನ್ನ

ನಿಷ್ಠೆಯ ನಿಜವಾದ ಪರೀಕ್ಷೆ ಇಲ್ಲಿದೆ. ಕೋರ್ಟು ಜಾಮೀನು ಕೊಟ್ಟ ಮೇಲೂ ಹೊಣೆಗಾರ ಸಿಗದೆ ಒಳಗೇ ಉಳಿಯುವವರಿದ್ದಾರೆ. ಜಾಮೀನುದಾರ ಎಂದರೆ 'ಇವನು ಪ್ರತಿ ತಾರೀಖಿಗೆ ಬರುತ್ತಾನೆ, ಬರದಿದ್ದರೆ ಇಷ್ಟು ಹಣ ನಾನು ಕಟ್ಟುತ್ತೇನೆ' ಎಂದು ಬರೆದುಕೊಟ್ಟವನು. ಸಾಮಾನ್ಯವಾಗಿ ಗುರುತಿನ ಚೀಟಿ, ಮನೆಪಟ್ಟಿ ಅಥವಾ ಹೊಲದ ಉತಾರ ಕೇಳುತ್ತಾರೆ. ಮಹಾರಾಷ್ಟ್ರದಲ್ಲಿ ಅದು ಸಾತ್‌ಬಾರಾ, ಕರ್ನಾಟಕದಲ್ಲಿ ಪಹಣಿ. ಈ ಹಿಂದೆ ಎಷ್ಟು ಜನರಿಗೆ ಜಾಮೀನಾಗಿದ್ದೀರಿ ಎಂಬುದನ್ನೂ ತಿಳಿಸಬೇಕು.

ಜಾಮೀನಿಗೆ ನಿಂತರೆ ಜಮೀನು ಹೋದೀತು ಎಂಬ ಹೆದರಿಕೆ ಪೂರ್ತಿ ಸುಳ್ಳಲ್ಲ. ಆರೋಪಿ ಬರದಿದ್ದರೆ ಕೋರ್ಟು ಬಾಂಡ್ ಮುಟ್ಟುಗೋಲು ಹಾಕಿ ಜಾಮೀನುದಾರನಿಗೆ ನೋಟಿಸು ಕೊಡುತ್ತದೆ. ಕಾರಣ ಹೇಳಲು ಅವಕಾಶವಿದೆ, ಹಣ ಕಡಿಮೆ ಮಾಡುವ ಅಧಿಕಾರವೂ ಕೋರ್ಟಿಗಿದೆ. ಕಟ್ಟದೆ ಹೋದರೆ, ವಸೂಲಿಯೂ ಆಗದಿದ್ದರೆ, 6 ತಿಂಗಳವರೆಗೆ ಸಿವಿಲ್ ಜೈಲು ಆಗಬಹುದು. ಆದರೆ ಒಮ್ಮೆ ಸಹಿ ಹಾಕಿದರೆ ಬಿಡಿಸಿಕೊಳ್ಳಲು ಆಗುವುದೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಹುಡುಗ ಮಾತು ಕೇಳುತ್ತಿಲ್ಲ, ಊರು ಬಿಡುವ ಲಕ್ಷಣ ಕಾಣುತ್ತಿದೆ ಎನಿಸಿದರೆ ಜಾಮೀನುದಾರ ತನ್ನನ್ನು ಬಿಡುಗಡೆ ಮಾಡಿ ಎಂದು ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಆಗ ಕೋರ್ಟು ಆರೋಪಿಯನ್ನು ಕರೆಸಿ ಬೇರೆ ಜಾಮೀನುದಾರನನ್ನು ತರಲು ಹೇಳುತ್ತದೆ, ತರದಿದ್ದರೆ ಅವನನ್ನು ಮತ್ತೆ ಒಳಗೆ ಕಳಿಸಬಹುದು. ಇದನ್ನು ದ್ರೋಹ ಎಂದುಕೊಳ್ಳಬೇಕಿಲ್ಲ. ಹೆಂಡತಿ ಮಕ್ಕಳಿರುವ ಮನೆಯನ್ನು ಉಳಿಸಿಕೊಳ್ಳುವುದೂ ನಿಷ್ಠೆಯೇ.

ಬೇರೆ ಜಿಲ್ಲೆಯ ಅಣ್ಣ, ಬೇರೆ ರಾಜ್ಯದ ಮಾಮ

ಮಿರಜಿನ ಮಾಮನ ಸಾತ್‌ಬಾರಾ ಉತಾರವನ್ನು ಕರ್ನಾಟಕದ ಕೋರ್ಟು ಒಪ್ಪುತ್ತದೆಯೇ? 'ಲೋಕಲ್ ಜಾಮೀನುದಾರನನ್ನು ತನ್ನಿ' ಎಂಬ ಮಾತಿಗೆ ಗಡಿ ಭಾಗದವರು ಹೆದರುತ್ತಾರೆ. ಇದಕ್ಕೆ ಉತ್ತರ 1978ರಲ್ಲೇ ಸಿಕ್ಕಿದೆ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗೌಂಡಿಗೆ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಹೊಣೆಗಾರಿಕೆ ಕೇಳಿದರು. ಗೌಂಡಿಯ ತಮ್ಮನೋ ಅಣ್ಣನೋ ಒಬ್ಬ ಸಹೋದರ ನಿಲ್ಲಲು ಬಂದರೆ ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ಪ್ರಕರಣ ಮತ್ತೆ ಮೇಲೆ ಹೋಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿದರು. ಬಡ ಗೌಂಡಿಗೆ ಅಷ್ಟು ಮೊತ್ತ ಕೇಳಿದ್ದೂ ತಪ್ಪು, ಊರು ನೋಡಿ ಜಾಮೀನುದಾರನನ್ನು ತಿರಸ್ಕರಿಸಿದ್ದೂ ತಪ್ಪು ಎಂದು ಹೇಳಿ 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿಸಿದರು.

2023ರ ಜನವರಿ 31ರಂದು ಸುಪ್ರೀಂ ಕೋರ್ಟು ಇನ್ನಷ್ಟು ಸೂಚನೆ ಕೊಟ್ಟಿತು. ಬಿಡುಗಡೆ ತಡವಾಗಲು ಸ್ಥಳೀಯ ಜಾಮೀನುದಾರನ ಹಟವೂ ಒಂದು ಕಾರಣ, ಅಂತಹ ಶರತ್ತು ಹಾಕಬಾರದು ಎಂದಿತು. ಜಾಮೀನು ಸಿಕ್ಕು 7 ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಲ್ಲಿ ಬಾಂಡ್ ಕೊಡಲಾಗದಿದ್ದರೆ ಶರತ್ತು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದು. 2024ರ ಆಗಸ್ಟ್ 22ರ ಇನ್ನೊಂದು ತೀರ್ಪಿನಲ್ಲಿ, ಹಲವು ರಾಜ್ಯಗಳಲ್ಲಿ ಕೇಸಿದ್ದ ಒಬ್ಬನಿಗೆ ಒಂದೇ ಜಾಮೀನುದಾರರು ಬೇರೆ ಬೇರೆ ಕೇಸಿಗೆ ನಿಲ್ಲಲು ಕೋರ್ಟು ಒಪ್ಪಿತು. ಜಾಮೀನಿಗೆ ಬರುವವರು ಬಹುಮಟ್ಟಿಗೆ ಹತ್ತಿರದ ನೆಂಟರು ಅಥವಾ ಹಳೆಯ ಗೆಳೆಯರು, ಕ್ರಿಮಿನಲ್ ಕೇಸು ಎಂದ ಕೂಡಲೇ ಆ ಬಳಗವೂ ಕರಗುತ್ತದೆ ಎಂಬುದನ್ನು ನ್ಯಾಯಾಲಯ ಗಮನಿಸಿತು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತನ್ನು ದೇಶದ ದೊಡ್ಡ ಕೋರ್ಟು ತೀರ್ಪಿನಲ್ಲಿ ಬರೆದಂತಾಯಿತು.

ವಕೀಲರಿಗೆ ದುಡ್ಡಿಲ್ಲ, ಮರಾಠಿ ಬರುವುದಿಲ್ಲ

ಹೊಲ ಮಾರಿ, ಬಂಗಾರ ಒತ್ತೆ ಇಟ್ಟು ಕೇಸು ನಡೆಸುವ ಮೊದಲು ಇದನ್ನು ತಿಳಿದಿರಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗುತ್ತಾರೆ. ಆದಾಯದ ಮಿತಿ ಇಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೂ ಹೀಗೆಯೇ. ಸಾಂಗ್ಲಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು. ಸಹಾಯವಾಣಿ ಸಂಖ್ಯೆ 15100.

ಭಾಷೆಯ ವಿಷಯವೂ ಹೀಗೆಯೇ. ಸಾಕ್ಷಿಗಳು ಹೇಳಿದ್ದು ಆರೋಪಿಗೆ ಅರ್ಥವಾಗದ ಭಾಷೆಯಲ್ಲಿದ್ದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ತೆರೆದ ಕೋರ್ಟಿನಲ್ಲಿ ವಿವರಿಸಬೇಕು. ಕನ್ನಡ ಮಾತ್ರ ಬಲ್ಲ ಜತ್ತದ ಹಳ್ಳಿಯ ಹುಡುಗ ತಲೆ ಅಲ್ಲಾಡಿಸಿ ಸುಮ್ಮನಾಗಬೇಕಿಲ್ಲ. ಓದಿ ತಿಳಿಯದ ಕಾಗದಕ್ಕೆ ಸಹಿಯನ್ನೂ ಹಾಕಬೇಕಿಲ್ಲ.

ಇನ್ನೊಂದು ನಿಯಮ ಬಡ ಮನೆಗಳಿಗೆ ಉಪಯುಕ್ತ. ಜಾಮೀನು ಸಿಗಬಹುದಾದ ಅಪರಾಧದಲ್ಲಿ ಬಂಧನವಾಗಿ ಒಂದು ವಾರದಲ್ಲಿ ಹೊಣೆಗಾರ ಸಿಗದಿದ್ದರೆ ಅವನನ್ನು ಬಡವ ಎಂದು ಭಾವಿಸಿ ಸ್ವಂತ ಬಾಂಡಿನ ಮೇಲೆ ಬಿಡಬೇಕು. ವಿಚಾರಣೆ ಮುಗಿಯದೆ ಒಳಗಿರುವವನು ಮೊದಲ ಬಾರಿ ಕೇಸಿಗೆ ಸಿಕ್ಕವನಾಗಿದ್ದು, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಾಂಡಿನ ಮೇಲೆ ಬಿಡುಗಡೆ ಕೇಳಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಕ್ಕೆ ಮತ್ತು ಹಲವು ಕೇಸು ಇದ್ದವರಿಗೆ ಇದು ಸಲ್ಲದು.

ಕೊನೆಯ ಮಾತು

ಮೂಳೆ ಮುರಿದುಕೊಂಡು ಮಲಗಿದವನಿಗೂ ಒಬ್ಬ ತಾಯಿ ಇದ್ದಾಳೆ, ಅವನ ಮನೆಯವರೂ ಕೋರ್ಟಿನ ಮೆಟ್ಟಿಲಲ್ಲಿ ನಿಂತಿರುತ್ತಾರೆ ಎಂಬುದನ್ನು ಮರೆಯಬಾರದು. ನಮ್ಮವನ ಪರ ನಿಲ್ಲುವುದೆಂದರೆ ಅವನು ಮಾಡಿದ್ದು ಸರಿ ಎನ್ನುವುದಲ್ಲ. ಅವನಿಗೆ ಹೊಡೆತ ಬೀಳದಂತೆ, ವಕೀಲರಿಲ್ಲದೆ ಶಿಕ್ಷೆಯಾಗದಂತೆ, ತಪ್ಪಿಗೆ ತಕ್ಕಷ್ಟೇ ದಂಡ ತೆರುವಂತೆ ನೋಡಿಕೊಳ್ಳುವುದು.

ಬಾಗಿಲು ಬಡಿದ ಹುಡುಗನಿಗೆ ಮಾಮ ಹೇಳಬೇಕಾದ್ದು ಇಷ್ಟೇ: 'ಊಟ ಮಾಡು. ಬೆಳಿಗ್ಗೆ ವಕೀಲರ ಹತ್ತಿರ ಹೋಗೋಣ. ನಾನೂ ಬರ್ತೀನಿ.' ಬಚ್ಚಿಡುವುದಕ್ಕಿಂತ ಇದು ಕಷ್ಟದ ಮಾತು. ಆದರೆ ವರ್ಷಗಟ್ಟಲೆ ತಾರೀಖಿಗೆ ಬಂದು ಅವನ ಪಕ್ಕ ನಿಲ್ಲಲು ಆಗುವುದು ಈ ಮಾತು ಹೇಳಿದವನಿಗೇ.